ವರನಿಗೊಂದು ಇಂಗ್ಲಿಷ್ ಪರೀಕ್ಷೆ

ಅಂಬುಜಾ ಮತ್ತೆ "ಮೋರ್ ಟಾಲರ್" ಎಂದು ಬರೆದಳು. ಬೇಕೆಂದೇ ಬರೆದಳು.

"ಟಾಲರ್ ಅಂದ್ರೆ ಸಾಕು, ಮೋರ್ ಬೇಡ," ಎಂದ ಸೇತುರಾಮ, ತಲೆ ಎತ್ತದೆ. "ಇಲ್ಲಿ 'ಒನ್' ಅಂತ ಶುರು ಮಾಡಿ ಮಧ್ಯದಲ್ಲಿ 'ಯೂ' ಅಂದಿದೀರಿ. ಯಾರನ್ನ ಹಿಡ್ಕೊಂಡ್ರೋ ಕೊನೇವರೆಗೂ ಅವರನ್ನ ಬಿಡಬಾರದು."

"ಬಿಡಲ್ಲ ಸಾರ್."

ಅವನು ತಟ್ಟನೆ ನೋಡಿದ, ಅಷ್ಟೇ ಬೇಗ ಪುಸ್ತಕಕ್ಕೆ ಕಣ್ಣಿಳಿಸಿದ. ಕಿವಿ ಕೆಂಪಾಗಿತ್ತು. ತಪ್ಪು ಬರೆದದ್ದು ಸಾರ್ಥಕವಾಯಿತು.

ಅದು ಐವತ್ತಾರನೇ ಇಸವಿ. ರಾಜಾಜಿನಗರದ ಆ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎದುರು ಮನೆಯಲ್ಲಿ ಬಾಡಿಗೆಗಿದ್ದ ಹೈಸ್ಕೂಲ್ ಮೇಷ್ಟ್ರಾದ ಸೇತುರಾಮನನ್ನು ಮಗಳ ಇಂಟರ್‌ಮೀಡಿಯೆಟ್ ಪಾಠಕ್ಕೆ ಕರೆದವರು ಅಂಬುಜಾಳ ಅಪ್ಪ ಕೃಷ್ಣಯ್ಯನವರೇ. ಜವಳಿ ಅಂಗಡಿಯ ಅವರಿಗೆ ಇಂಗ್ಲಿಷ್ ಬಾರದು. ಬರುವ ಅಳಿಯನಿಗಾದರೂ ಬರಬೇಕೆಂಬುದು ಅವರ ಹಟ.

ಹಾಗಾಗಿ ಭಾನುವಾರ ಮೈಸೂರಿನ ಹುಡುಗ ಹೆಣ್ಣು ನೋಡಲು ಬಂದಾಗ, ಅವನನ್ನು ಪರೀಕ್ಷೆ ಮಾಡಲು ಸೇತುರಾಮನನ್ನೇ ಕೂರಿಸಿದರು. ಅಂಬುಜಾ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಸೇತುರಾಮ ಒಂದು ಮಾತು ತೆಗಳಿದರೆ ಸಾಕು, ಈ ಸಂಬಂಧ ತಪ್ಪುತ್ತದೆ. ಅಪ್ಪನಿಗೆ ಹೇಗೂ ಗೊತ್ತಾಗುವುದಿಲ್ಲ.

ಬೆಂಗಳೂರನ್ನೂ ಮೈಸೂರನ್ನೂ ಹೋಲಿಸಿ ಮಾತಾಡಿ ಎಂದ ಸೇತುರಾಮ. ಹುಡುಗ ನೀರು ಕುಡಿದಷ್ಟು ಸುಲಭವಾಗಿ ಮಾತಾಡಿದ. ಬರಬಾರದ ಕಡೆ ಒಂದು 'ಮೋರ್' ಕೂಡ ಬರಲಿಲ್ಲ. 'ಒನ್' ಎಂದು ಶುರು ಮಾಡಿದವನು 'ಒನ್' ಎಂದೇ ಮುಗಿಸಿದ. ಅಂಬುಜಾಳಿಗೆ ಮೈಯೆಲ್ಲ ಉರಿಯಿತು.

ಬಂದವರು ಹೊರಟ ಮೇಲೆ ಕೃಷ್ಣಯ್ಯನವರು ಕೇಳಿದರು. "ಹೇಗಿದೆ ಮೇಷ್ಟ್ರೇ, ಹುಡುಗನ ಇಂಗ್ಲಿಷು?"

"ನನಗಿಂತ ಚೆನ್ನಾಗಿದೆ ಸಾರ್."

ಅಂಬುಜಾ ಸೇತುರಾಮನಿಗೆಂದು ಬೆರೆಸಿದ ಕಾಫಿ ಹಿಡಿದು ಬಾಗಿಲ ಹಿಂದೆಯೇ ನಿಂತಳು. ಎಂಥ ಪೆದ್ದು ಮನುಷ್ಯ ಎಂದುಕೊಂಡಳು, ಅಳು ಬಂತು.

ಸೇತುರಾಮ ಎದ್ದು ನಿಂತ. "ಇನ್ನೊಂದು ವಿಷಯ ಮುಚ್ಚಿಡಬಾರದು. ಅಂಬುಜಾ ಅವರನ್ನ ಮದುವೆ ಆಗಬೇಕು ಅಂತ ನನಗೂ ಆಸೆ ಇದೆ. ಆ ಹುಡುಗ ತಪ್ಪು ಮಾಡ್ಲಿ ಅಂತಲೇ ಕಾಯ್ತಾ ಕೂತಿದ್ದೆ. ಅವನು ಮಾಡಲಿಲ್ಲ."

ಕೃಷ್ಣಯ್ಯನವರು ಕನ್ನಡಕ ಒರೆಸಿ ಹಾಕಿಕೊಂಡು ಅವನನ್ನೇ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿದರು. "ಕೇಳಿಸ್ಕೊಂಡ್ಯೇನಮ್ಮ? ಮೈಸೂರಿನವರಿಗೆ ಏನಂತ ಹೇಳಿ ಕಳಿಸ್ಲಿ?"

"ಇಂಗ್ಲಿಷು ತುಂಬಾ ಚೆನ್ನಾಗಿದೆ, ಬೇರೆ ಕಡೆ ಹೆಣ್ಣು ನೋಡಲಿ ಅಂತ."

"ಮತ್ತೆ ಮೇಷ್ಟ್ರಿಗೆ?"

ಅಂಬುಜಾ ಕಾಫಿ ಹಿಡಿದು ಹೊರಗೆ ಬಂದಳು. "ಅವರಿಗೆ ನಾನೇ ಹೇಳ್ತೀನಿ. ನೀವು ಸ್ವಲ್ಪ ಒಳಗೆ ಹೋಗಿ ಅಪ್ಪಾ."

ಕೃಷ್ಣಯ್ಯನವರು ನಗು ತಡೆದುಕೊಂಡು ಒಳಗೆ ಹೋದರು.