ಎಡಕ್ಕೆ ಎಳೆದರೆ ಕೆಳಗೆ

“ನನ್ನ ಟ್ಯಾಬ್ಲೆಟ್ ಮುಟ್ಟಿದ್ದು ಯಾರು?”

ಕೇಳುವ ಅಗತ್ಯವೇ ಇರಲಿಲ್ಲ. ಆ ಕೋಣೆಯಲ್ಲಿದ್ದದ್ದು ಇಬ್ಬರೇ. ಟ್ಯಾಬ್ಲೆಟ್ಟಿನ ಹಲಗೆಯ ಮೇಲೆ ಪೆನ್ನು ಎಳೆದು ಕಂಪ್ಯೂಟರಿನಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಅವಳು, ಪುಟ ಜೋಡಿಸುವ ಅವನು. ಕಂಪ್ಯೂಟರ್ ಮಾತ್ರ ಒಂದೇ. ಬೆಳಗ್ಗೆ ಅವನದು, ಮಧ್ಯಾಹ್ನದ ಮೇಲೆ ಅವಳದು. ಬಾಗಿಲಲ್ಲಿ ಎದುರಾದರೆ ಬೆಕ್ಕುಗಳ ಹಾಗೆ ಗುರುಗುಟ್ಟಿಕೊಂಡು ದಾರಿ ಬಿಡುತ್ತಿದ್ದರು.

ಜಗಳ ಹುಟ್ಟಿದ್ದು ಈ ಪುಸ್ತಕ ಶುರುವಾದ ದಿನ, ಸ್ಕ್ರೀನಿನಿಂದ. ಇಡೀ ಪುಟ ಒಟ್ಟಿಗೆ ಕಾಣಲೆಂದು ಅವನು ಅದನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿಬಿಟ್ಟಿದ್ದ.

“ಸ್ಕ್ರೀನ್ ತಿರುಗಿಸಿದ ಮೇಲೆ ಟ್ಯಾಬ್ಲೆಟ್ಟೂ ತಿರುಗಿಸ್ಬೇಕು ಮೇಡಂ. ಆಮೇಲೆ...”

“ನನಗೆ ಪಾಠ ಬೇಡ.”

ಆಮೇಲಿನ ಮಾತು ಅವನ ಬಾಯಲ್ಲೇ ಉಳಿಯಿತು. ಅವಳು ಟ್ಯಾಬ್ಲೆಟ್ಟನ್ನು ಉದ್ದಕ್ಕೆ ತಿರುಗಿಸಿಟ್ಟುಕೊಂಡಳು. ತಿರುಗಿಸಿದ್ದೇನೆಂದು ಕಂಪ್ಯೂಟರಿಗೂ ಹೇಳಬೇಕೆಂಬುದು ಅವಳಿಗೆ ತಿಳಿಯದು. ಪೆನ್ನು ಕೆಳಗೆಳೆದರೆ ಗೆರೆ ಬಲಕ್ಕೆ ಓಡಿತು. ಹೋಗಿ ಅವನನ್ನು ಕೇಳುವುದಕ್ಕಿಂತ ತನ್ನ ಕೈಯನ್ನೇ ಪಳಗಿಸುವುದು ವಾಸಿ ಎಂದುಕೊಂಡಳು. ಎಡಕ್ಕೆ ಎಳೆದರೆ ಕೆಳಗೆ, ಬಲಕ್ಕೆ ಎಳೆದರೆ ಮೇಲೆ. ಕತ್ತು ಓರೆ ಮಾಡಿ, ಹಲ್ಲು ಕಚ್ಚಿ, ಇಡೀ ಪುಸ್ತಕವನ್ನು ಹಾಗೇ ಬರೆದಳು.

ಇವತ್ತು ಮುಖಪುಟ. ಮರ ಹತ್ತಿ ಕೂತ ಅಜ್ಜಿಯ ಮುಖವೊಂದೇ ಬಾಕಿ. “ಸಂಜೆಯೊಳಗೆ ಬರದಿದ್ರೆ ಪುಸ್ತಕಾನೇ ಬೇರೆಯವರಿಗೆ ಕೊಟ್ಬಿಡ್ತೀನಿ” ಎಂದು ಪ್ರಕಾಶನದ ಯಜಮಾನಿ ಹೇಳಿ ಹೋಗಿದ್ದರು. ಅವಳಿಗಿದು ಮೊದಲ ಪುಸ್ತಕ.

ಕೂತವಳೇ ಪೆನ್ನನ್ನು ಎಡಕ್ಕೆ ಎಳೆದಿದ್ದಳು. ಕೆಳಗಿಳಿಯಬೇಕಿದ್ದ ಅಜ್ಜಿಯ ಮೂಗು ನೆಟ್ಟಗೆ ಕಿವಿಯ ಕಡೆ ಹೋಗಿತ್ತು.

ಅವನು ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದ. “ನಾನೇ ಮುಟ್ಟಿದ್ದು. ಸೆಟಿಂಗ್ ಸರಿ ಮಾಡಿದೆ. ಈಗ ಕೆಳಗೆಳೆದ್ರೆ ಕೆಳಗೇ ಹೋಗುತ್ತೆ.”

“ಸರಿ ಮಾಡಿ ಅಂತ ನಿಮಗ್ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ತಪ್ಪಿತ್ತು.”

“ಆ ತಪ್ಪೇ ನನ್ನ ಕೈಗೆ ಕೂತಿದೆ ಕಣೋ! ನನ್ನ ಪುಸ್ತಕ ಹೋಗ್ಲಿ ಅಂತಾನೇ ಮಾಡಿದೀಯ ನೀನು. ಬಾ ಇಲ್ಲಿ, ಮೊದಲಿನ ಹಾಗೆ ಮಾಡು!”

ಏಕವಚನ ಇಬ್ಬರಿಗೂ ಕೇಳಿಸಿತು. ಯಾರೂ ಅದನ್ನು ತಿದ್ದಲಿಲ್ಲ.

ಅವನು ಬಂದ. ಅವಳು ಕುರ್ಚಿ ಬಿಡಲಿಲ್ಲ. ಅವಳ ಭುಜದ ಮೇಲಿಂದಲೇ ಬಗ್ಗಿ ಮೌಸ್ ಹಿಡಿದ. ಅವನ ತೋಳು ಅವಳ ಕೂದಲಿಗೆ ಸೋಕದಂತೆ ಬಹಳ ಜಾಗ್ರತೆಯಿಂದಿತ್ತು. ಆ ಜಾಗ್ರತೆಯೇ ಅವಳಿಗೆ ಸೋಕಿತು.

“ಎಳಿ.”

ಎಳೆದಳು. ಗೆರೆ ಮೇಲಕ್ಕೆ ಹಾರಿತು.

“ಅಜ್ಜಿಗೆ ಕೊಂಬು ಬಂತಲ್ಲೋ!”

“ಬೈಬೇಡ, ತಿರುಗಿಸೋಕೆ ನಾಲ್ಕು ಥರ ಇದೆ ಇಲ್ಲಿ. ಈಗ ಎಳಿ.”

ಮೂಗು ಮೂಗಿನ ಜಾಗಕ್ಕೆ ಇಳಿಯಿತು.

ಅವನಿನ್ನು ಹೋಗಬಹುದಿತ್ತು. ಹೋಗಲಿಲ್ಲ. ಅವಳ ಕೈ ಎಡಕ್ಕೆ ಸರಿಯುವುದನ್ನು, ಅತ್ತ ಗೆರೆ ಮೆಲ್ಲಗೆ ಕೆಳಗಿಳಿಯುವುದನ್ನು ನೋಡುತ್ತ ನಿಂತ.

“ಏನ್ ನೋಡ್ತಿದೀಯ?”

“ಹೀಗೆ ಬರೆಯೋದು ನನ್ನ ಕೈಲಿ ಸತ್ರೂ ಆಗಲ್ಲ.”

“ಹೊಗಳಿದ್ರೆ ಕ್ಷಮಿಸ್ತೀನಿ ಅಂದ್ಕೊಂಡ್ಯಾ?”

“ಕ್ಷಮಿಸ್ಬೇಡ. ದಿನಾ ಕತ್ತು ಹಿಡ್ಕೊಂಡು ಮೆಟ್ಟಿಲು ಇಳೀತೀಯ. ನೋಡೋಕಾಗ್ಲಿಲ್ಲ. ಅದಕ್ಕೇ ಮಾಡ್ದೆ.”

ಪೆನ್ನು ನಿಂತಿತು.

“ನಾನು ಇಳಿಯೋದು ಸಂಜೆ. ನೀನು ಮಧ್ಯಾಹ್ನವೇ ಹೋಗಿರ್ತೀಯಲ್ಲ?”

ಅವನ ಕಿವಿಗಳು ಕೆಂಪಾದವು. “ಎದುರಿನ ಅಂಗಡೀಲಿ ಟೀ ಕುಡೀತಿರ್ತೀನಿ.”

“ಸಂಜೆವರೆಗೂ?”

“ನಿಧಾನಕ್ಕೆ ಕುಡೀತೀನಿ.”

ಅವಳು ತಿರುಗಿ ನೋಡಲಿಲ್ಲ. ನೋಡಿದರೆ ನಗು ಬರುತ್ತಿತ್ತು. ನಗುವಷ್ಟು ಸಿಟ್ಟು ಇನ್ನೂ ಇಳಿದಿರಲಿಲ್ಲ. “ಬೆಳಕಿಗೆ ಅಡ್ಡ ನಿಲ್ಬೇಡ. ಕೂತ್ಕೋ” ಎಂದಳು. ಅವನು ಸ್ಟೂಲು ಎಳೆದುಕೊಂಡು ಕೂತ.

ಹೊತ್ತು ಇಳಿಯುವಾಗ ಯಜಮಾನಿ ಬಂದು ಮುಖಪುಟದತ್ತ ಬಗ್ಗಿ ನೋಡಿದರು.

“ಈ ಅಜ್ಜಿ ಯಾಕೆ ಯಾರನ್ನೋ ಬೈಯೋ ಹಾಗಿದಾಳೆ?” ಎಂದರು. ಮತ್ತೊಮ್ಮೆ ನೋಡಿದರು. “ಇರಲಿ, ಜೀವ ಇದೆ. ಮುಂದಿನ ಪುಸ್ತಕಾನೂ ನೀನೇ ಮಾಡು.”

ಅವರ ಹೆಜ್ಜೆ ಸದ್ದು ದೂರವಾದ ಮೇಲೆ ಅವಳು ಪೆನ್ನು ಕೆಳಗಿಟ್ಟಳು.

“ನಾಳೆ ಸೆಟಿಂಗ್ ಸರಿ ಮಾಡು. ನಾನಿರುವಾಗ ಮಾಡು. ನೇರ ಎಳೆಯೋದು ಮತ್ತೆ ಕೈಗೆ ಬರೋವರೆಗೂ ಪಕ್ಕದಲ್ಲೇ ಕೂತಿರ್ಬೇಕು ನೀನು.”

“ನಿನ್ನ ಹಟಕ್ಕೆ ಅದು ಈ ಜನ್ಮದಲ್ಲಿ ಬರಲ್ಲ.”

“ಗೊತ್ತು” ಎಂದು ಅವಳು ಮೊದಲ ಸಲ ಅವನ ಕಣ್ಣನ್ನೇ ನೋಡಿದಳು. “ಅದಕ್ಕೇ ಹೇಳಿದ್ದು.”