ಸರ್ವಾಕ್ಷಿ ಕಂಡ ಮೂರು ಚುಕ್ಕೆ

ಸರ್ವಾಕ್ಷಿ ಯಂತ್ರದ ಕೊಳವೆಯೊಳಗೆ ಲೋಹಿತ್ ಮಲಗಿದ್ದ. ಕ್ಯಾನ್ಸರ್ ಬಂದಿದ್ದು ಅವನಿಗಲ್ಲ, ಪಕ್ಕದ ಕೋಣೆಯಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದ ಹೆಂಡತಿ ಸಿಂಚನಾಗೆ. (ಇಸವಿ ೨೦೬೮. ಆ ಹೊತ್ತಿಗೆ ಸಿಂಚನಾ ಎಂಬ ಹೆಸರಿನವರೆಲ್ಲ ಅಜ್ಜಿಯರಾಗಿದ್ದರು.) “ಮೊದಲು ನಾನು ಮಲಗಿ ತೋರಿಸ್ತೀನಿ ಕಣೆ, ಆಮೇಲೆ ನೀನು” ಎಂದು ಪಂಚೆ ಬಿಗಿದು ಒಳಗೆ ಹೋಗಿದ್ದ ಮಹಾರಾಯ. ಮೊಮ್ಮಗಳಿಗೆ ಕಷಾಯ ಕುಡಿಸುವಾಗಲೂ ತಾನೊಂದು ಗುಟುಕು ಕುಡಿದು ತೋರಿಸುವ ಪೈಕಿ ಅವನು.

ಯಂತ್ರ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಕಿವಿಗೆ ಕೇಳಿಸದ ಧ್ವನಿತರಂಗಗಳು ಮೈಯೊಳಗೆ ಹಾದುಹೋಗುತ್ತವೆ; ಒಂದೊಂದು ಅಂಗವೂ ಒಂದೊಂದು ಬಗೆಯಲ್ಲಿ ಮಾರ್ದನಿ ಕೊಡುತ್ತದೆ; ಅದರಿಂದ ದೇಹದ ಚಿತ್ರ ಮೂಡುತ್ತದೆ. ರಾಗಿ ಕಾಳಿಗಿಂತ ಸಣ್ಣ ಗಂಟೂ ಅದರ ಕಣ್ಣು ತಪ್ಪಿಸುವಂತಿರಲಿಲ್ಲ. ಇದನ್ನು ಕಂಡುಹಿಡಿದವಳು ಸಿಂಚನಾಳ ಅಕ್ಕನ ಮಗಳು ಅನಘಾ; ಅವತ್ತು ಓಡಿಸುತ್ತಿದ್ದವಳೂ ಅವಳೇ.

ಹಾಸನದ ಸರ್ಜನ್ ಡಾಕ್ಟರ್ ನಜ್ಮಾ ಅವರಂತೂ ಬೇಡವೆಂದೇ ಹೇಳಿದ್ದರು. “ಎದೆಯ ಗೆಡ್ಡೆ ಚಿಕ್ಕದು, ಮೊದಲನೇ ಹಂತ. ಮೂಳೆ ನೋವಿಲ್ಲ, ಕೆಮ್ಮಿಲ್ಲ, ರಕ್ತಪರೀಕ್ಷೆ ಚೆನ್ನಾಗಿದೆ. ಇಡೀ ಮೈ ನೋಡೋದು ಬೇಡಮ್ಮ. ಬುಧವಾರ ಆಪರೇಷನ್ ಮಾಡೋಣ.”

ನೋಡದೇ ಬಿಟ್ಟರೆ ಒಳಗೆಲ್ಲೋ ಹರಡಿಕೊಂಡುಬಿಟ್ಟರೆ? ಸಿಂಚನಾಗೆ ಅದೇ ದಿಗಿಲು. ಲೋಹಿತ್‌ನದು ಬೇರೆ ರಾಗ. “ಮಷೀನ್ ಮಾಡಿದೋಳೇ ನಮ್ಮ ಮನೆ ಹುಡುಗಿ. ನಾವೇ ನೋಡಿಸಲಿಲ್ಲ ಅಂದ್ರೆ ನೆಂಟರು ಉಗೀತಾರೆ!”

ತೆರೆಯ ಮೇಲೆ ಲೋಹಿತ್‌ನ ಮೈಯ ಚಿತ್ರದಲ್ಲಿ ಮೂರು ಚುಕ್ಕೆ ಮೂಡಿದವು. ಶ್ವಾಸಕೋಶದಲ್ಲೊಂದು, ಯಕೃತ್ತಿನಲ್ಲೊಂದು, ಮೂತ್ರಪಿಂಡದಲ್ಲೊಂದು. ಕಂಬದಂತಿದ್ದ ಮನುಷ್ಯ ಚಿತ್ರ ನೋಡಿ ಕುಸಿದು ಕೂತ.

ಆಮೇಲಿನದು ಕೇಳಬೇಡಿ. ಶ್ವಾಸಕೋಶದ ಚುಕ್ಕೆಗೆ ಸೂಜಿ ಹಾಕಿ ಚೂರು ತೆಗೆಯುವಾಗ ಗಾಳಿ ಸೋರಿ ಅವನು ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಬುಧವಾರ ಆಪರೇಷನ್ ಮೇಜಿನ ಮೇಲಿರಬೇಕಿದ್ದ ಸಿಂಚನಾ ಗಂಡನ ಹಾಸಿಗೆಯ ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದಳು. ಫಲಿತಾಂಶ ಬಂತು: ಯಾವುದೋ ಕಾಲದ ಸೋಂಕಿನ ಕಲೆ. ಯಕೃತ್ತಿನದು ಹುಟ್ಟಿನಿಂದಲೇ ಇದ್ದ ರಕ್ತನಾಳಗಳ ಗಂಟು. ಮೂತ್ರಪಿಂಡದ್ದು ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಮೂರು ತಿಂಗಳಿಗೊಮ್ಮೆ ನೋಡುತ್ತಿರೋಣ ಎಂದರು.

ಸಿಂಚನಾ ಅನಘಾಳನ್ನು ವರಾಂಡಕ್ಕೆ ಕರೆದಳು. “ನಿಜ ಹೇಳು. ನಾನು ಮಲಗಿದ್ರೆ ನನ್ನಲ್ಲೂ ಹೀಗೆ ಕಾಣತ್ತಾ?”

“ಬಹುಶಃ ಕಾಣತ್ತೆ ಚಿಕ್ಕಮ್ಮ. ಅರವತ್ತು ದಾಟಿದವರ ಮೈಯಲ್ಲಿ ಏನಾದ್ರೊಂದು ಇದ್ದೇ ಇರತ್ತೆ. ನನ್ನ ಮಷೀನು ಚುಕ್ಕೆ ತೋರಿಸತ್ತೆ. ಅದು ಒಳ್ಳೇದೋ ಕೆಟ್ಟದ್ದೋ ಅಂತ ಹೇಳೋಕೆ ಅದಕ್ಕೆ ಬರಲ್ಲ.”

“ಮತ್ತೆ ನನ್ನ ಕಾಯಿಲೆ ಹರಡಿದ್ರೆ?”

“ಇಷ್ಟು ಚಿಕ್ಕ ಗೆಡ್ಡೆ, ಮೈಯಲ್ಲಿ ಬೇರೆ ಯಾವ ತೊಂದರೆಯೂ ಕಾಣಿಸಿಲ್ಲ. ಹರಡಿರೋದು ತೀರಾ ಅಪರೂಪ. ಇಲ್ವೇ ಇಲ್ಲ ಅಂತ ಮಾತ್ರ ಹೇಳಲಾರೆ.”

“ಇದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ?” ಸಿಂಚನಾಗೆ ಮೈಯೆಲ್ಲ ಉರಿದುಹೋಯಿತು.

ಅನಘಾ ತಲೆ ತಗ್ಗಿಸಿದಳು. “ನಮ್ಮೋರ ಮುಂದೆ ಮಷೀನ್ ಓಡಿಸಿ ತೋರಿಸೋ ಆಸೆ ಇತ್ತು ಚಿಕ್ಕಮ್ಮ.”

ಸಿಂಚನಾ ಸ್ವಲ್ಪ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ತಾನೇ ನಜ್ಮಾ ಅವರಿಗೆ ಫೋನ್ ಮಾಡಿ, “ನೋಡೋದೇನೂ ಬೇಡ, ಆಪರೇಷನ್‌ಗೆ ದಿನ ಕೊಡಿ” ಎಂದಳು. ಮುಂದಿನ ವಾರ ಗೆಡ್ಡೆ ತೆಗೆದರು. ವಿಕಿರಣ ಚಿಕಿತ್ಸೆಯೂ ಮುಗಿಯಿತು.

ಅಷ್ಟು ಚುರುಕುಗಣ್ಣಿನ ಯಂತ್ರ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ‘ಯಾವುದಕ್ಕೂ ಒಂದ್ಸಲ ಪೂರ್ತಿ ನೋಡಿಸಿಬಿಡೋಣ’ ಎನ್ನುವವರು ಮಾತ್ರ ಈಗಲೇ ಮನೆಮನೆಯಲ್ಲೂ ಇದ್ದಾರೆ.

ವರ್ಷದ ಮೇಲೆ ಓರಗಿತ್ತಿ ವಿಚಾರಿಸಿಕೊಳ್ಳಲು ಬಂದಳು. “ನೀನು ಮೈಯೆಲ್ಲ ನೋಡಿಸಲೇ ಇಲ್ವಂತೆ! ಧೈರ್ಯ ಹೇಗಕ್ಕ ಬಂತು?”

“ಧೈರ್ಯ ಎಲ್ಲಿಂದ ಬರತ್ತೆ ಮಾರಾಯ್ತಿ? ಭಯ ಈಗಲೂ ಇದೆ. ಎಲ್ಲಾದ್ರೂ ನೋವು ಅನ್ನಿಸಿದ್ರೆ ಆವತ್ತೇ ಹೋಗಿ ಮಷೀನಲ್ಲಿ ಮಲಗ್ತೀನಿ. ಅಲ್ಲೀವರೆಗೆ ಹೊಟ್ಟೆ ತುಂಬ ಉಣ್ತೀನಿ.”

ಒಳಗೆ ಲೋಹಿತ್ ಶಾಲು ಹೊದ್ದು ಕೂತಿದ್ದ. ನಾಡಿದ್ದು ಅವನ ಮೂತ್ರಪಿಂಡದ ಚುಕ್ಕೆಗೆ ಮೂರು ತಿಂಗಳಿಗೊಮ್ಮೆಯ ಪರೀಕ್ಷೆ. ಎರಡು ದಿನದಿಂದ ಸರಿಯಾಗಿ ಊಟ ಸೇರಿರಲಿಲ್ಲ. ಓರಗಿತ್ತಿ ಅವನ ಮುಖ ನೋಡಿದಳು, ಸಿಂಚನಾಳಿಗೆಂದು ತಂದಿದ್ದ ಮೋಸಂಬಿ ಚೀಲವನ್ನು ಅವನ ಕೈಗೇ ಕೊಟ್ಟಳು.