ಅಂಗೈಯಷ್ಟು ನೀರು

"ನೀವೂ ಬಂದೀರಾ?"

ಆಸ್ಪತ್ರೆಯ ಬಾಗಿಲಲ್ಲೇ ಶಿವಗಂಗಾ ನಿಂತುಬಿಟ್ಟಳು. ಎದುರಿಗೆ ಹುಲಗೇಶ! ಉಪ್ಪಲ್‌ನ ಡಯಾಲಿಸಿಸ್ ಸೆಂಟರಿನಲ್ಲಿ ಪಕ್ಕದ ಮಂಚದವನು. ಬಾಲಾನಗರದಲ್ಲಿ ಲೇತ್ ಮಷಿನ್ ಓಡಿಸುವವನು. ಸೂಜಿ ಚುಚ್ಚುವಾಗಲೂ ಅವಳನ್ನು ನಗಿಸುವವನು.

ಇವತ್ತು ಅವನು ನಗಲಿಲ್ಲ. ಹೇಗೆ ನಗುತ್ತಾನೆ ಹೇಳಿ? ತೀರಿಕೊಂಡ ಯಾರದೋ ದಾನವಾಗಿ ಬಂದಿರುವುದು ಒಂದೇ ಕಿಡ್ನಿ. ಇಬ್ಬರದೂ ಒಂದೇ ರಕ್ತದ ಗುಂಪು. ಒಬ್ಬರಿಗೆ ಹೊಂದದಿದ್ದರೆ ಇನ್ನೊಬ್ಬರಿರಲಿ ಅಂತ ಇಬ್ಬರನ್ನೂ ಕರೆಸಿದ್ದರು. ಸರದಿಯಲ್ಲಿ ಅವನು ಮುಂದೆ.

"ನಾ ಹೊಂಟೆ. ನೀವ ತಗೋರಿ," ಅಂದ ಅವನು.

"ಸುಮ್ನಿರ್ರಿ. ಬಸ್ಸಿನಾಗ ಸೀಟು ಬಿಟ್ಟುಕೊಟ್ಟಂಗೇನು ಇದು?"

ಇಬ್ಬರೂ ಒಣ ತುಟಿಯಲ್ಲಿ ಕಾದರು. ಡಯಾಲಿಸಿಸ್‌ನವರಿಗೆ ನೀರು ಅಂದರೆ ಅಳೆದು ಕುಡಿಯುವ ಔಷಧ, ಪಾಪ.

"ನನಗಾದ್ರ ಮೊದಲ ನಿಮ್ಮ ಮನೀಗೆ ಬಂದು ತುಂಬಿದ ಚರಗಿ ನೀರು ಕುಡೀತೀನಿ. ಬೆಲ್ಲಾನೂ ಕೊಡಬೇಕು ಮತ್ತ," ಅಂದ ಹುಲಗೇಶ.

"ಬರ್ರಿ. ಬಾಗಲದಾಗ ಕಾಯ್ತೀನಿ."

ಕಿಡ್ನಿ ಅವನಿಗೇ ಹೊಂದಿತು. ಆಪರೇಷನ್ ಆದೀತೆಂದು ಉಪವಾಸವಿದ್ದ ಅವಳು ಹಾಗೇ ಮನೆಗೆ ಬಂದಳು.

ಆಮೇಲೆ? ಆಮೇಲೆ ಅವನ ಸುದ್ದಿಯೇ ಇಲ್ಲ. ಫೋನ್ ಎತ್ತಲಿಲ್ಲ. ಪಕ್ಕದ ಮಂಚಕ್ಕೆ ಬೇರೆ ಯಾರೋ ಬಂದರು. ಆದರೂ ಅವಳ ಕತ್ತು ಆ ಕಡೆಗೇ ತಿರುಗುತ್ತಿತ್ತು.

'ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗ್ಯಾಕ...' ಅಂದುಕೊಂಡಳು. ಹಾಗಂದುಕೊಂಡವಳು ರವಿವಾರ ಬಂತೆಂದರೆ ಚರಗಿಯನ್ನು ಫಳಫಳ ತಿಕ್ಕಿ ಬಾಗಿಲ ಹತ್ತಿರ ಇಡುತ್ತಿದ್ದಳು.

"ಯಾರು ಬರೋರದಾರ?" ಅವ್ವ ಕೇಳುವಳು.

"ಯಾರಿಲ್ಲ ಬೇ."

ಅಂಥದ್ದೇ ಒಂದು ರವಿವಾರ ಬಾಗಿಲಲ್ಲಿ ಮಾಸ್ಕ್ ಹಾಕಿದ ಮುಖ. ಕಣ್ಣಷ್ಟೇ ಸಾಕಾಯಿತು ಅವಳಿಗೆ ಗುರುತಿಸಲು.

"ಈಗ ನೆನಪಾತೇನ್ರಿ?"

"ಸೋಂಕು ತಗಲ್ತೈತಿ, ಮನಿ ಬಿಟ್ಟು ಹೋಗಬ್ಯಾಡ ಅಂದಿದ್ರು ಡಾಕ್ಟರು."

"ಫೋನ್ ಎತ್ತಬ್ಯಾಡ ಅಂತಾನೂ ಡಾಕ್ಟರ ಹೇಳಿದ್ರೇನು?"

ಅವನು ತಲೆ ತಗ್ಗಿಸಿದ.

"ಅದು ನಂದ ತಪ್ಪು. ಆಪರೇಷನ್ ಆದ ಮ್ಯಾಲೆ ಭಾಳ ನೀರು ಕುಡಿ ಅಂದ್ರು. ಮೊದಲ ಗುಟುಕಿಗೇ ನಿಮ್ಮ ಒಣ ತುಟಿ ನೆನಪಾತು. ನಿಮ್ಮ ಪಾಲು ಕಸ್ಕೊಂಡು ಕುಡಿಯಾಕತ್ತೀನಿ ಅನಸ್ತು. ನಿಮ್ಮ ಫೋನ್ ಬಂದಾಗೆಲ್ಲ ಅದನ್ನ ನೋಡ್ಕೋತ ಕುಂದರ್ತಿದ್ದೆ... ರಿಂಗ್ ನಿಂತ ಮ್ಯಾಲೆ ಯಾಕರೆ ನಿಂತಿತೋ ಅನಸ್ತಿತ್ತು."

'ಹುಚ್ಚ... ಕಿಡ್ನಿ ಕೈತಪ್ಪಿ ಹೋತು ಅಂತ ನಾ ಯಾವತ್ತೂ ಅಳಲಿಲ್ಲ. ನೀ ಬರಲಿಲ್ಲ ಅಂತ ಅತ್ತೆ.'

ಮನಸ್ಸಿನಲ್ಲೇ ಬೈದುಕೊಂಡಳು. ಒಳಗೆ ಹೋಗಿ ಬೆಲ್ಲ ತಂದಳು, ತುಂಬಿದ ಚರಗಿ ತಂದಳು.

ಅವನು ಮಾಸ್ಕ್ ಇಳಿಸಿ, ಚರಗಿ ಎತ್ತಿ ಗಟಗಟ ಕುಡಿದ. ನೋಡುತ್ತ ನಿಂತವಳ ಗಂಟಲೂ ಅಲುಗಿತು. ಇನ್ನೇನು ಮುಗಿಯಿತು ಅನ್ನುವಾಗ ನಿಲ್ಲಿಸಿದ.

"ಕೈ ಹಿಡೀರಿ."

ಉಳಿದ ಗುಟುಕು ನೀರನ್ನು ತೀರ್ಥದಂತೆ ಅವಳ ಅಂಗೈಗೆ ಹಾಕಿದ. ಅವಳು ಕಣ್ಣು ಮುಚ್ಚಿ ಕುಡಿದಳು. ಇವತ್ತಿನ ಪಾಲಿನ ನೀರಿನಲ್ಲಿ ಅಷ್ಟು ಕಡಿಮೆಯಾದರೂ ಆಗಲಿ!

"ಲಗ್ನ ಮಾಡ್ಕೊಳ್ಳೋಣೇನ್ರಿ?"

"ನನಗ ಕಿಡ್ನಿ ಸಿಗದ ಹೋದ್ರ?"

"ದಿನಾ ಇಷ್ಟ ನೀರು. ನಾನ ಹಾಕ್ತೀನಿ."

ಒದ್ದೆ ಅಂಗೈಯನ್ನು ಒರೆಸಿಕೊಳ್ಳದೆ ಹಾಗೇ ಅವನ ಕೈಯಲ್ಲಿಟ್ಟಳು.

"ನಾಳೆ ಡಯಾಲಿಸಿಸ್ ಐತ್ರಿ. ಸೆಂಟರಿನ ಬಾಗಲತನಕ ಬಿಡಾಕ ಬರ್ತೀರೇನು?"

"ಬರ್ತೀನಿ. ಫೋನೂ ಎತ್ತತೀನಿ."